ಮನೆಯವರ ಕಿವಿಗೂ ಬೀಳುವುದಿಲ್ಲ

ನಾನು ಮಾಡುವ ಕೆಲಸದಲ್ಲಿ ಮೊದಲು ಸಹಿ, ಆಮೇಲೆ ಕೆಲಸ. ಬೆಂಗಳೂರಿನ ಅನುವಾದ ಸಂಸ್ಥೆಯಿಂದ ಮೇಲ್ ಬರುತ್ತದೆ. ಒಂದು ಕೆಲಸವಿದೆ, ಜೊತೆಗಿರುವ ಗೌಪ್ಯತಾ ಒಪ್ಪಂದಕ್ಕೆ ಸಹಿ ಮಾಡಿ ಕಳಿಸಿ, ಆಮೇಲೆ ವಿವರ ತಿಳಿಸುತ್ತೇವೆ ಅಂತ ಅದರಲ್ಲಿ ಇರುತ್ತದೆ. ಹೆಣ್ಣು ನೋಡುವ ಮೊದಲೇ ತಾಳಿ ಕಟ್ಟಿ ಬಾ ಅಂದ ಹಾಗೆ. ಕೆಲಸ ಏನೆಂದು ಗಂಡನಿಗೂ ಹೇಳುವಂತಿಲ್ಲ, ಫೈಲನ್ನು ಬೇರೆ ಕಂಪ್ಯೂಟರಿಗೆ ಹಾಕುವಂತಿಲ್ಲ, ಮುಗಿದ ಮೇಲೆ ಅಳಿಸಿ, ಅಳಿಸಿದೆ ಎಂದು ಬರೆದು ಕೊಡಬೇಕು. ಮೊದಮೊದಲು ಒಂದೊಂದು ಸಾಲು ಓದುವಾಗಲೂ ಎದೆ ಡವಡವ ಅನ್ನುತ್ತಿತ್ತು. ಹಾಗೆ ಸಹಿ ಮಾಡಿ ಕೈಗೆ ಸಿಕ್ಕಿದ ಮೊದಲ ಮಹಾರಹಸ್ಯ ಏನೆಂದರೆ ಒಂದು ಮಿಕ್ಸಿಯ ಬಳಕೆಯ ಕೈಪಿಡಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ ಅಂತ ಬರೆದಿತ್ತು. ಅದಾದ ಮೇಲೆ ನಾನು ಒಪ್ಪಂದಗಳನ್ನು ಗಮನವಿಟ್ಟು ಓದುವುದನ್ನೇ ಬಿಟ್ಟೆ.

ಮನೆಯ ಪ್ರಿಂಟರ್ ಕೆಟ್ಟು ಮೂಲೆ ಸೇರಿದ್ದರಿಂದ ಸಹಿ ಹಾಕಲು ಮದ್ದೂರಿನ ತಾಲ್ಲೂಕು ಕಚೇರಿ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಬೇಕು. ಪಹಣಿ, ರೇಷನ್ ಕಾರ್ಡು ಹಿಡಿದವರ ಮಧ್ಯೆ ನಾನೂ ನಿಲ್ಲುತ್ತೇನೆ. ಆ ಅಂಗಡಿಯವನು ಯಾವ ಕಾಗದವನ್ನೂ ಓದದೆ ಕೊಟ್ಟವನಲ್ಲ. "ಏನಕ್ಕ ಇದು, ಯಾರ್ಗೂ ಯೋಳಂಗಿಲ್ಲ ಅಂತ ಬರ್ದವ್ರಲ್ಲ" ಎಂದು ಸಾಲಿನಲ್ಲಿರುವವರಿಗೆಲ್ಲ ಕೇಳುವ ಹಾಗೆ ಹೇಳುತ್ತಾನೆ. ಹಿಂದೆ ನಿಂತವರೊಬ್ಬರು "ಸೈಟಿನ್ ಯವಾರ್ವಾ?" ಎಂದು ವಿಚಾರಿಸುತ್ತಾರೆ. ನಾನು ಬಾಯಿ ಬಿಡುವುದಿಲ್ಲ ಅನ್ನುವ ವಿಷಯ ಅರ್ಧ ಮದ್ದೂರಿಗೆ ಗೊತ್ತು. ಇಲ್ಲಿಯೂ ಯಾರ ಹೆಸರನ್ನೂ ಬರೆಯುತ್ತಿಲ್ಲ. ಸಹಿ ಹಾಕಿ ಹಾಕಿ ಕೈಗೆ ಅದೇ ರೂಢಿಯಾಗಿದೆ.

ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆ ಇಬ್ಬರೇ. ನನ್ನ ಗಂಡ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಅಲ್ಲೇ ಬ್ಲಫ್ ಅನ್ನುವ ಕಡೆ ಕ್ವಾರ್ಟರ್ಸ್‌ನಲ್ಲಿದ್ದು, ರಜೆ ಸಿಕ್ಕಾಗ ಬರುತ್ತಾರೆ. ಅತ್ತೆಗೆ ಶುಗರ್ ಇದೆ. ಆ ಶುಗರ್ ಅನ್ನು ಕಾಯುವ ಕೆಲಸ ನನ್ನದು. ಬೆಲ್ಲ ನಿಲ್ಲಿಸಿದೆ, ಮಾವಿನಹಣ್ಣು ನಿಲ್ಲಿಸಿದೆ, ಎರಡನೇ ಮುದ್ದೆ ನಿಲ್ಲಿಸಿದೆ. ಒಮ್ಮೆ ಬಚ್ಚಲಲ್ಲಿ ಜಾರಿದ್ದಕ್ಕೆ ಟೆರೇಸು ಹತ್ತುವುದನ್ನೂ ನಿಲ್ಲಿಸಿದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಪ್ರೀತಿ ಬಂದರೂ ಅದೇ ದಾರಿಯಲ್ಲೇ ಬರುತ್ತದೆ. ನಾನು ಅಡುಗೆಮನೆಗೆ ಕಾಲಿಟ್ಟರೆ "ಜೈಲರಮ್ಮ ಬಂದ್ಲು" ಅನ್ನುತ್ತಿದ್ದರು ಅತ್ತೆ. ಅವರಿಗೆ ಅಂತ ಉಳಿದಿದ್ದು ಎರಡೇ ಸುಖ. ಬೆಳಿಗ್ಗೆ ಪೇಪರನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವುದು, ವಾರಕ್ಕೊಂದು ಸಲ ಒಬ್ಬರೇ ಬಸ್ಸು ಹತ್ತಿ ಮಳವಳ್ಳಿಯ ತಂಗಿಯ ಮನೆಗೆ ಹೋಗಿಬರುವುದು. ಅಲ್ಲಿ ಬೆಲ್ಲ ತಿನ್ನುತ್ತಾರೆ ಅಂತ ನನಗೆ ಗುಮಾನಿಯಿತ್ತು. ಆದರೂ ಬಸ್ಸನ್ನು ಮಾತ್ರ ನಿಲ್ಲಿಸಿರಲಿಲ್ಲ.

ಒಂದು ಸಲ ಒಂದು ಆರೋಗ್ಯ ಅಧ್ಯಯನದ ಒಪ್ಪಿಗೆ ಪತ್ರ ನನಗೆ ಬಂತು. ಸಕ್ಕರೆ ಕಾಯಿಲೆಯಿರುವ ಹಿರಿಯ ಹೆಂಗಸರನ್ನು ಮಾತಾಡಿಸುವವರು ಮಾತಿಗೆ ಮೊದಲು ಅವರಿಗೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳುವ ಪತ್ರ ಅದು. ಇಂಗ್ಲಿಷಿನಲ್ಲಿ ಒಂದು ಒಣ ಸಾಲಿತ್ತು. ಅದನ್ನು ಎಲ್ಲರೂ 'ನೀವು ನೀಡುವ ಮಾಹಿತಿಯ ಗೌಪ್ಯತೆಯನ್ನು ಕಾಪಾಡಲಾಗುವುದು' ಎಂದು ಬರೆಯುತ್ತಾರೆ. ನಾನೂ ಮೊದಲು ಹಾಗೇ ಬರೆದೆ. ಆಮೇಲೆ ಅದನ್ನು ನಮ್ಮ ಅತ್ತೆಗೆ ಓದಿ ಹೇಳಿದರೆ ಏನಾಗಬಹುದು ಅಂತ ಯೋಚಿಸಿದೆ. ಅತ್ತೆ ಅದನ್ನು ಸರ್ಕಾರಿ ನೋಟೀಸು ಅಂತ ತಿಳಿದು, ಬಾಯಿ ಹೊಲಿದುಕೊಂಡು ಕೂರುತ್ತಾರೆ. ಅದನ್ನು ಹೊಡೆದುಹಾಕಿ, 'ನೀವು ಹೇಳಿದ ಮಾತು ನಿಮ್ಮ ಮನೆಯವರ ಕಿವಿಗೂ ಬೀಳುವುದಿಲ್ಲ' ಎಂದು ಬರೆದೆ.

ಇಂಥ ಪತ್ರಗಳನ್ನು ಇನ್ನೊಬ್ಬ ಅನುವಾದಕರ ಕೈಲಿ ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡುತ್ತಾರೆ. ನನ್ನ ಸಾಲು ಮನೆಯವರು, ಕಿವಿ ಎಲ್ಲವನ್ನೂ ಹೊತ್ತುಕೊಂಡು ಇಂಗ್ಲಿಷಿಗೆ ಹೋಯಿತು. ಮೂಲದಲ್ಲಿ ಕಿವಿ ಎಲ್ಲಿದೆ, ಮನೆಯವರು ಎಲ್ಲಿಂದ ಬಂದರು ಅಂತ ಸಂಸ್ಥೆಯ ಸಂಯೋಜಕಿ ಕೇಳಿದಳು. ನಾನು ಬಿಡಲಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಊರಿನ ಭಯವಿಲ್ಲ, ಮನೆಯವರ ಭಯ, ಆ ಪದ ತೆಗೆದರೆ ಯಾರೂ ನಿಮಗೆ ಏನನ್ನೂ ಹೇಳುವುದಿಲ್ಲ ಎಂದು ಉದ್ದುದ್ದ ಮೇಲ್ ಬರೆದು ಜಗಳವಾಡಿದೆ. ಕೊನೆಗೆ ಒಪ್ಪಿದರು. ಈ ಕೆಲಸದಲ್ಲಿ ನನ್ನ ಹೆಸರು ಎಲ್ಲೂ ಅಚ್ಚಾಗುವುದಿಲ್ಲ, ಆದರೂ ಆ ಒಂದು ಸಾಲಿನ ಬಗ್ಗೆ ನನಗೆ ಜಂಬವಿತ್ತು.

ಕೆಲವು ತಿಂಗಳು ಕಳೆದ ಮೇಲೆ ಅದೇ ಅಧ್ಯಯನದ ಧ್ವನಿಮುದ್ರಣಗಳು ಬಂದವು. ಹೆಂಗಸರ ಮಾತು ಕೇಳಿ ಬರೆದುಕೊಂಡು ಇಂಗ್ಲಿಷಿಗೆ ಮಾಡುವ ಕೆಲಸ. ಮಂಡ್ಯದ ಕಡೆಯ ಮಾತು ಅರ್ಥವಾಗದೆ ಬೆಂಗಳೂರಿನಲ್ಲಿ ಇಬ್ಬರು ಕೈಚೆಲ್ಲಿದ್ದರಂತೆ. ನೀವು ಆ ಕಡೆಯವರೇ ಅಲ್ಲವೇ, ನೀವೇ ಮಾಡಿ ಎಂದು ಸಂಯೋಜಕಿ ಕೇಳಿಕೊಂಡಳು. ಜೊತೆಗೆ ಹೊಸ ಒಪ್ಪಂದವೂ ಬಂತು. ಜೆರಾಕ್ಸ್ ಅಂಗಡಿಯಲ್ಲಿ ಅದರ ಮೇಲೆ ಕಣ್ಣಾಡಿಸಿದಾಗ ಒಂದು ಹೊಸ ಷರತ್ತು ಕಂಡಿತು. ಮಾತಾಡುತ್ತಿರುವವರು ಯಾರೆಂದು ಗುರುತು ಸಿಕ್ಕಿದರೆ ಆ ಕ್ಷಣವೇ ಕೇಳುವುದನ್ನು ನಿಲ್ಲಿಸಿ ಫೈಲನ್ನು ವಾಪಸ್ ಮಾಡಬೇಕು. ನನಗೆ ನಗು ಬಂತು. ಮಳವಳ್ಳಿಯಿಂದ ಮಂಡ್ಯದವರೆಗೆ ಯಾವುದೇ ಬಸ್ಸಿನಲ್ಲಿ ಪಕ್ಕದವರನ್ನು ಮಾತಾಡಿಸಿದರೂ ಇಳಿಯುವಷ್ಟರಲ್ಲಿ ನೆಂಟಸ್ತಿಕೆ ಸಿಗುತ್ತದೆ. ಮಾತು ಗೊತ್ತಿರುವವಳೇ ಬೇಕು, ಜನ ಗೊತ್ತಿರಬಾರದು, ಅದು ಹೇಗೆ ಸಾಧ್ಯ? ನಗುತ್ತಲೇ ಸಹಿ ಹಾಕಿದೆ.

ಆ ದಿನ ಅತ್ತೆ ಮಳವಳ್ಳಿಗೆ ಹೋಗಿದ್ದರು. ಮನೆ ನಿಶ್ಶಬ್ದವಾಗಿತ್ತು. ಬಸ್ಸಾರಿಗೆ ಕಾಳು ಬೇಯಲು ಇಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ ಕೂತೆ. ಧ್ವನಿಮುದ್ರಣದಲ್ಲಿ ಒಬ್ಬ ಹುಡುಗಿ ಒಪ್ಪಿಗೆ ಪತ್ರ ಓದುತ್ತಿದ್ದಳು. ನನ್ನ ಸಾಲು ಬಂತು. ನೀವು ಹೇಳಿದ ಮಾತು ನಿಮ್ಮ ಮನೆಯವರ ಕಿವಿಗೂ ಬೀಳುವುದಿಲ್ಲ. ಚೆನ್ನಾಗಿಯೇ ಓದಿದಳು. ಅಷ್ಟರಲ್ಲಿ ಅತ್ತೆ ತಮ್ಮ ಅಡಿಕೆ ಡಬ್ಬಿಯ ಮುಚ್ಚಳವನ್ನು ಟಕಟಕ ಅನ್ನಿಸಿದ ಸದ್ದು ಕೇಳಿತು. ಏನಾದರೂ ಮುಖ್ಯವಾದುದನ್ನು ಹೇಳುವ ಮೊದಲು ಅವರು ಹಾಗೆ ಮಾಡುತ್ತಾರೆ. ನಾನು ಹೆಡ್‌ಫೋನ್ ತೆಗೆದು "ಏನತ್ತೆ?" ಅಂದೆ.

ಮನೆಯಲ್ಲಿ ಯಾರೂ ಇರಲಿಲ್ಲ. ಕುಕ್ಕರ್ ಒಂದೇ ಸದ್ದು ಮಾಡುತ್ತಿತ್ತು.

ಮತ್ತೆ ಹೆಡ್‌ಫೋನ್ ಹಾಕಿಕೊಂಡೆ. ಮುಚ್ಚಳದ ಸದ್ದು ಒಳಗೇ ಇತ್ತು. ಆಮೇಲೆ ದನಿ ಬಂತು. "ಅಂಗಾದ್ರೆ ಸರಿ ಬುಡು, ಯೋಳ್ತೀನಿ. ನಮ್ಮನೇಲಿ ನನ್ ಸೊಸೆಗೆ ಮಾತ್ರ ಗೊತ್ತಾಗ್ಬಾರ್ದು ಕಣವ್ವ."

ನಾನು ನಿಲ್ಲಿಸಿದೆ. ಷರತ್ತು ನೆನಪಾಗಿ ನಿಲ್ಲಿಸಿದೆ ಎಂದು ಹೇಳಲಾರೆ. ಕೈ ತಾನಾಗಿಯೇ ಹೋಯಿತು. ಬೇಸಿಗೆಯಲ್ಲಿ ಮಂಡ್ಯದ ಆಸ್ಪತ್ರೆಗೆ ಅವರನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ನಾನು ಔಷಧಿ ತರಲು ಹೋಗಿ ಬರುವಷ್ಟರಲ್ಲಿ ಅವರ ಕೈಯಲ್ಲೊಂದು ಸ್ಟೀಲ್ ಡಬ್ಬಿಯಿತ್ತು. ಯಾರೋ ಹುಡುಗಿ ಒಳಗೆ ಕರೆದು ಕೂರಿಸಿ ಶುಗರ್ ಬಗ್ಗೆ ಏನೇನೋ ಕೇಳಿದಳು, ಹೊರಡುವಾಗ ಇದನ್ನು ಕೊಟ್ಟಳು ಅಂದಿದ್ದರು. ಆ ಡಬ್ಬಿಯಲ್ಲಿ ನಾನು ಚಟ್ನಿಪುಡಿ ತುಂಬಿಟ್ಟಿದ್ದೆ. ಅದೀಗ ಅಡುಗೆಮನೆಯ ಗೂಡಿನಲ್ಲಿ ಕೂತು ನನ್ನನ್ನೇ ನೋಡುತ್ತಿರುವಂತೆ ಅನ್ನಿಸಿತು.

ಮೊದಲು ಬಂದದ್ದು ಸಿಟ್ಟು. ಮಗನಿಗೆ ಗೊತ್ತಾಗಬಾರದು ಅಂದಿದ್ದರೆ ಸರಿ, ನೆಂಟರಿಗೆ ಗೊತ್ತಾಗಬಾರದು ಅಂದಿದ್ದರೂ ಸರಿ. ನನಗೆ ಮಾತ್ರ ಯಾಕೆ? ಇಷ್ಟು ವರ್ಷ ಮಾತ್ರೆ ಎಣಿಸಿ ಕೊಟ್ಟವಳು ನಾನು, ಪಾದಕ್ಕೆ ಎಣ್ಣೆ ಹಚ್ಚಿ ಗಾಯ ಹುಡುಕಿದವಳು ನಾನು. ಮುಂದೆ ಏನಿದೆ ಎಂದು ಕೇಳಿಬಿಡಬೇಕು ಅನ್ನಿಸಿತು. ಒಂದು ಕೀಲಿ ಒತ್ತಿದರೆ ಸಾಕಿತ್ತು, ಬೆಂಗಳೂರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಎದ್ದು ಹೋಗಿ ಕುಕ್ಕರ್ ಇಳಿಸಿದೆ, ಬಂದು ಕೂತೆ, ಮತ್ತೆ ಎದ್ದು ಗೇಟಿನ ತನಕ ಹೋಗಿ ಬಂದೆ. ನಾನೇ ಜಗಳವಾಡಿ ಉಳಿಸಿಕೊಂಡ ಸಾಲನ್ನು ನಂಬಿ ಆ ಹೆಂಗಸು ಬಾಯಿ ಬಿಟ್ಟಿದ್ದರು. ಅದನ್ನು ಸುಳ್ಳು ಮಾಡಲು ಇಡೀ ಜಿಲ್ಲೆಯಲ್ಲಿ ಸಾಧ್ಯವಿದ್ದದ್ದು ನನ್ನೊಬ್ಬಳಿಗೇ.

ಗುರುತು ಸಿಕ್ಕಿದೆ, ಈ ಫೈಲ್ ಮಾಡಲಾರೆ ಎಂದು ಬರೆದು ಕಳಿಸಿದೆ. ಧನ್ಯವಾದ, ಅಳಿಸಿ ತಿಳಿಸಿ ಎಂದು ಉತ್ತರ ಬಂತು. ಅಳಿಸಿದೆ. ಕಸದ ಬುಟ್ಟಿಯಿಂದಲೂ ಅಳಿಸಿದೆ. ಅಳಿಸಿದ ಮೇಲೆ, ಆ ದನಿಯಲ್ಲಿ ಇನ್ನೂ ಏನೇನಿತ್ತೋ ಅಂತ ಯೋಚನೆ ಹತ್ತಿತು. ಕಾಯಿಲೆಯ ಬಗ್ಗೆ ಕೇಳುವ ಹುಡುಗಿಯ ಹತ್ತಿರ ಹೇಳಿದ್ದು ಕಾಯಿಲೆಯ ವಿಷಯವೇ ಇರಬೇಕಲ್ಲ. ಅದು ಏನು, ಎಷ್ಟು ಮುಂದುವರಿದಿದೆ, ಇವತ್ತು ತೋರಿಸಿದರೆ ವಾಸಿಯಾಗಿ ನಾಳೆಗೆ ಕೈಮೀರುವಂಥದ್ದೋ ಏನೋ. ನೇರವಾಗಿ ಕೇಳಿದರೆ ಅವರಿಗೆ ಕೊಟ್ಟ ಮಾತು ಹೊಳೆಗೆ ಹೋಗುತ್ತದೆ. ಕೇಳದಿದ್ದರೆ ಅವರೇ ಹೋಗಿಬಿಟ್ಟರೆ?

ಅಂದು ಅತ್ತೆ ಬರುವುದು ಬಹಳ ತಡವಾಯಿತು. ನಾನು ಗೇಟಿನಲ್ಲೇ ನಿಂತಿದ್ದೆ. "ಯಾಕತ್ತೆ ಇಷ್ಟೊತ್ತು?" ಎಂದದ್ದಕ್ಕೆ "ಬಸ್ಸೇ ಬರ್ಲಿಲ್ಲ ಕಣವ್ವ, ಏನ್ ಮಾಡಾದು" ಎಂದು ಚೀಲ ಒಳಗಿಟ್ಟು, ಕಾಲು ತೊಳೆಯಲು ಹೋದರು. ಮಳವಳ್ಳಿಯಿಂದ ಮದ್ದೂರಿಗೆ ಬಸ್ಸಿಗೇನು ಬರವೇ? ಮಾಮೂಲಿನ ದಿನವಾಗಿದ್ದರೆ ಅಡ್ಡ ಪ್ರಶ್ನೆ ಹಾಕಿ ಬಾಯಿ ಬಿಡಿಸುತ್ತಿದ್ದೆ. ಅಂದು ಒಳಗೆ ಹೋಗಿ ಮುದ್ದೆಗೆ ನೀರಿಟ್ಟೆ.

ಆಮೇಲಿನ ದಿನಗಳಲ್ಲಿ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕೂತರೆ ಒಳಗಿನ ಕೋಣೆಯಲ್ಲಿ ಅತ್ತೆ ಏನು ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಅವರು ಬಚ್ಚಲಿಗೆ ಹೋದರೆ ಬಾಗಿಲ ಹತ್ತಿರ ಸುಳಿಯುತ್ತಿದ್ದೆ. ಮಾತ್ರೆಯ ಹಾಳೆ ತೆಗೆದು ನೋಡಿದೆ, ಸರಿಯಾಗಿಯೇ ಖಾಲಿಯಾಗುತ್ತಿತ್ತು. ಬಟ್ಟೆ ಒಗೆಯುವ ನೆಪದಲ್ಲಿ ಸೀರೆಯ ಅಂಚು ಅಂಚೂ ನೋಡಿದೆ, ರಕ್ತದ ಕಲೆಯೇನಾದರೂ ಇದೆಯೋ ಎಂದು. ಅವರು ಕೆಮ್ಮಿದರೆ ಕ್ಷಯ, ಊಟ ಬಿಟ್ಟರೆ ಇನ್ನೇನೋ. ಸೀನಿದರೂ ಬೆಚ್ಚುತ್ತಿದ್ದೆ.

ಬ್ಲಫ್‌ಗೆ ಫೋನು ಮಾಡಿದೆ. ಯಂತ್ರದ ಸದ್ದಿನ ನಡುವೆ ಮಾತಾಡಿ ಮಾತಾಡಿ ನನ್ನ ಗಂಡನಿಗೆ ಕೂಗುವುದೇ ಅಭ್ಯಾಸವಾಗಿದೆ. "ನಿಮ್ಮಮ್ಮ ಹೇಗಿದ್ದಾರೆ ಅನ್ಸುತ್ತೆ ನಿಮಗೆ?" ಎಂದು ಕೇಳಿದೆ.

"ಜೊತೇಲಿರೋಳು ನೀನು. ನನ್ ಕೇಳ್ತೀಯಲ್ಲೇ" ಅಂದರು. "ಏನಾಯ್ತು, ಜಗಳಾನಾ?"

"ಏನಿಲ್ಲ ಬಿಡಿ."

"ಏನೋ ಅದೆ, ಯೋಳಲ್ಲ ನೀನು."

ಹೇಳಲಾರದ್ದು ಇದೆ ಎಂದು ಹೇಗೆ ಹೇಳಲಿ? ಅದನ್ನು ಹೇಳಬಾರದು ಎಂದೂ ಸಹಿ ಹಾಕಿದ್ದೇನೆ. ಫೋನು ಇಟ್ಟ ಮೇಲೆ ಸುಮ್ಮನೆ ಅಳು ಬಂತು. ಈ ಮನೆಯಲ್ಲಿ ಎಲ್ಲರಿಗೂ ಏನನ್ನೋ ಮುಚ್ಚಿಡುವ ಗತಿ ಬಂದಿತಲ್ಲ ಅನ್ನಿಸಿತು.

ಒಂದು ಮಧ್ಯಾಹ್ನ ಉಣ್ಣುವಾಗ ಅತ್ತೆ ಸಾರು ಬಡಿಸಿಕೊಂಡರು. ಸೌಟು ತಟ್ಟೆಯ ಅಂಚಿಗೆ ಬಗ್ಗಿ, ಅರ್ಧ ಸಾರು ನೆಲಕ್ಕೆ ಹೋಯಿತು. "ಕೈ ನಡುಗ್ತು" ಅಂದರು. ಕೈ ನಡುಗಿರಲಿಲ್ಲ, ನಾನು ನೋಡುತ್ತಲೇ ಇದ್ದೆ. ಇನ್ನೊಂದು ದಿನ ಅಕ್ಕಿಯಲ್ಲಿ ಕಲ್ಲು ಉಳಿದಿತ್ತು. ಪೇಪರು ಮಡಿಸಿದ್ದು ಮಡಿಸಿದ ಹಾಗೇ ಟೀಪಾಯಿಯ ಮೇಲೆ ಬಿದ್ದಿರುತ್ತಿತ್ತು. ಎಷ್ಟು ದಿನದಿಂದ ಹೀಗೆ ಬಿದ್ದಿರುತ್ತಿತ್ತೋ ನನಗೆ ತಿಳಿಯದು. ಧ್ವನಿಮುದ್ರಣ ಕೇಳುವ ಮೊದಲು ನಾನು ಇವನ್ನೆಲ್ಲ ನೋಡಿಯೇ ಇರಲಿಲ್ಲವೇ? ಸಕ್ಕರೆ, ಬೆಲ್ಲ, ಮಾತ್ರೆ ಎಲ್ಲ ಕಾಯುವ ಭರದಲ್ಲಿ ಮನುಷ್ಯರ ಮುಖ ನೋಡಿರಲಿಲ್ಲ ಅನ್ನಿಸಿ ನನ್ನ ಮೇಲೇ ಅಸಹ್ಯವಾಯಿತು. ತೊಂದರೆ ಕಣ್ಣಿನದಿರಬಹುದು ಎಂದು ಅನುಮಾನ ಬಂತು. ಆದರೆ ಆ ಅನುಮಾನ ಕಂಡದ್ದರಿಂದ ಬಂದದ್ದೋ, ಕೇಳಿದ್ದರಿಂದ ಬಂದದ್ದೋ ನನಗೇ ಬೇರ್ಪಡಿಸಲು ಆಗುತ್ತಿರಲಿಲ್ಲ.

ಸಾಧಾರಣವಾಗಿ ಕೇಳುವ ಹಾಗೆ ಕೇಳಿ ನೋಡಿದೆ. "ಅತ್ತೆ, ಕಣ್ಣು ಒಂದು ಸಲ ತೋರಿಸಿಕೊಂಡು ಬರೋಣ್ವಾ? ಶುಗರ್ ಇರೋರು ತೋರಿಸ್ಬೇಕಂತೆ."

ಅವರು ತಟ್ಟನೆ ತಿರುಗಿದರು. "ಯಾರ್ ಯೋಳಿದ್ರು ನಿಂಗೆ?"

"ಯಾರೂ ಇಲ್ಲ, ಟೀವೀಲಿ ಬಂದಿತ್ತು" ಅಂದೆ.

"ಟೀವೀನೋರ್ಗೇನ್ ಕ್ಯಾಮೆ. ಯಾಕ್ ನೀನು ಒಂದ್ ವಾರ್ದಿಂದ ಪೊಲೀಸ್ನೋರಂಗೆ ನನ್ ಇಂದಿಂದೆ ತಿರುಗ್ತಿದ್ದೀಯ? ಬುಡು, ನಿನ್ ಕೆಲ್ಸ ನೋಡೋಗು."

ಕೆಲಸ ನೋಡಲು ಹೋದೆ. ಉಳಿದ ಧ್ವನಿಮುದ್ರಣಗಳು ಬಾಕಿಯಿದ್ದವು. ಪ್ರತಿಯೊಂದರಲ್ಲೂ ಆ ಹುಡುಗಿ ನನ್ನ ಸಾಲನ್ನು ಓದುತ್ತಿದ್ದಳು. ಅದು ಮುಗಿದ ಮೇಲೆ ಒಬ್ಬೊಬ್ಬ ಹೆಂಗಸೂ ಮನೆಯವರಿಗೆ ಹೇಳದ್ದನ್ನೆಲ್ಲ ಹೇಳುತ್ತಿದ್ದರು. ಯಾರದೋ ಅತ್ತೆಯರು, ಯಾರದೋ ತಾಯಂದಿರು. ಇವರ ಸೊಸೆಯರು ಇವತ್ತು ಎಲ್ಲಿ ಏನು ಮಾಡುತ್ತಿದ್ದಾರೋ ಎಂದುಕೊಳ್ಳುತ್ತ ಕೀಲಿಮಣೆಯ ಮೇಲೆ ಬೆರಳಾಡಿಸುತ್ತಿದ್ದೆ. ಅವರಿಗೆ ಏನೂ ಗೊತ್ತಿಲ್ಲ, ಅದಕ್ಕೇ ನಿಶ್ಚಿಂತೆ. ಅವರನ್ನು ನೆನೆದು ಹೊಟ್ಟೆಕಿಚ್ಚಾಗುತ್ತಿತ್ತು.

ಆ ವಾರ ಅತ್ತೆ ಮಳವಳ್ಳಿಗೆ ಹೋಗಲಿಲ್ಲ. ಮರುವಾರವೂ ಹೊರಡಲಿಲ್ಲ. ತಂಗಿ ಫೋನು ಮಾಡಿದರೆ ಮಂಡಿನೋವು ಅಂದರು. ನಾನು ನಿಲ್ಲಿಸದೆ ಬಿಟ್ಟಿದ್ದ ಒಂದನ್ನು ಅವರೇ ನಿಲ್ಲಿಸಿಕೊಂಡಿದ್ದರು. ಜಗಲಿಯಲ್ಲಿ ಕೂತು, ಬೀದಿಯಲ್ಲಿ ಯಾರು ಹೋದರೂ ಚಪ್ಪಲಿಯ ಸದ್ದು ಬಂದ ಕಡೆಗೆ ಮುಖ ತಿರುಗಿಸುತ್ತಿದ್ದರು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ತಿಂಡಿ ಮುಗಿಸಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಹಿಂದೆ ಅಡಿಕೆ ಡಬ್ಬಿಯ ಮುಚ್ಚಳ ಟಕಟಕ ಅಂದಿತು. ಈ ಸಲ ಹೆಡ್‌ಫೋನ್ ಹಾಕಿರಲಿಲ್ಲ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು.

"ಮಂಡ್ಯದಾಗೆ ಶುಗರ್ ಬಗ್ಗೆ ಮಾತಾಡ್ಸಿದ್ಲಲ್ಲ ಆ ಉಡ್ಗಿ, ಇನ್ನೊಂದ್ಸಲ ಮಾತಾಡ್ಬೇಕು ಅಂತ ಫೋನ್ ಮಾಡಿದ್ಲು. ಅವತ್ತು ಕೊಟ್ಟಿದ್ ಈ ಕಾಗ್ದದಾಗೆ ಏನ್ ಬರ್ದವ್ರೆ ಅಂತ ಓದೇಳವ್ವ. ಕನ್ನಡ್ಕ ಎಲ್ಲೋ ಇಟ್ಬುಟ್ಟಿವ್ನಿ."

ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು.

ನಾನು ಅದನ್ನು ನೋಡಿದೆ. ನಾನು ನೋಡಿದೆ ಎಂಬುದು ಅವರಿಗೂ ತಿಳಿದಿರಬೇಕು, ಯಾಕೆಂದರೆ ಅದನ್ನು ತೆಗೆಯಲು ಕೈ ಎತ್ತಿ, ಮತ್ತೆ ಇಳಿಸಿದರು. ಪೇಪರಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಿದ್ದ ಹೆಂಗಸು ನನಗೆ ಕಾಗದ ಚಾಚಿ ನಿಂತಿದ್ದರು. ಕುರ್ಚಿ ಎಳೆದು ಅವರನ್ನು ಕೂರಿಸಿ, ಕಾಗದ ಬಿಡಿಸಿ ಓದತೊಡಗಿದೆ. ನಾನೇ ಬರೆದ ವಾಕ್ಯಗಳು, ಅಲ್ಪವಿರಾಮ ಎಲ್ಲಿದೆ ಎಂಬುದೂ ಗೊತ್ತು. ಓದುತ್ತ ಓದುತ್ತ ಆ ಸಾಲಿಗೆ ಬಂದೆ.

"ನೀವು ಹೇಳಿದ ಮಾತು ನಿಮ್ಮ ಮನೆಯವರ ಕಿವಿಗೂ ಬೀಳುವುದಿಲ್ಲ."

"ಅದ್ನ ಇನ್ನೊಂದ್ಸಲ ಓದು."

ಓದಿದೆ.

"ಯಾರ್ ಬರ್ದವ್ರೋ, ಮನೆ ಅಂದ್ರೇನು ಅಂತ ಕಂಡೋರು ಬರ್ದವ್ರೆ" ಅಂದರು ಅತ್ತೆ. ಇಷ್ಟು ವರ್ಷದ ನನ್ನ ಕೆಲಸಕ್ಕೆ ಅಂಥ ಮಾತು ಯಾರೂ ಹೇಳಿರಲಿಲ್ಲ. ಬರೆದವಳು ನಾನೇ ಅತ್ತೆ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಅವರು ಮುಚ್ಚಳವನ್ನು ಮತ್ತೆ ತಟ್ಟಿದರು. "ಎಡಗಣ್ಣಾಗೆ ಒಗೆ ತುಂಬ್ದಂಗೆ ಆಗದೆ ಕಣವ್ವ. ಬ್ಯಾಸಗೆಗಿಂತ ಮುಂಚಿಂದ್ಲೂ. ಈಗ ಬಲಗಣ್ಗೂ ಬತ್ತಾ ಅದೆ. ಅವತ್ತು ಮಳವಳ್ಳೀಲಿ ಮದ್ದೂರ್ ಬಸ್ಸು ಅಂತ ಮಂಡ್ಯದ್ ಬಸ್ ಅತ್ಬುಟ್ಟಿದ್ದೆ. ಮಂಡ್ಯ ಬಂದ್ಮೇಲೆ ಗೊತ್ತಾಯ್ತು. ಅಲ್ಲಿ ನಿಂತ್ಕಂಡು ಅವ್ರಿವ್ರನ್ನ ಕೇಳ್ಕಂಡು ಬಂದೆ."

"ನನಗೆ ಹೇಳ್ಬಾರ್ದಾಗಿತ್ತಾ ಅತ್ತೆ?" ದನಿ ಏರಿತು. ಏರಬಾರದು ಅಂದುಕೊಂಡೇ ಇದ್ದೆ.

"ಯೋಳಿದ್ರೆ ನೀನು ಬಸ್ಸಿಗೆ ಬುಡ್ತಿದ್ದಾ?"

ಬಿಡುತ್ತಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಬಸ್ಸು ಅವರಿಗೆ ಕಣ್ಣಿಗಿಂತ ದೊಡ್ಡದಾಗಿತ್ತು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

"ನಾಳೆ ಮಂಡ್ಯಕ್ಕೆ ಹೋಗೋಣ, ಕಣ್ಣಿನ ಡಾಕ್ಟರ ಹತ್ರ. ಏನ್ ಹೇಳ್ತಾರೋ ಕೇಳೋಣ. ಮಳವಳ್ಳಿಗೂ ಹೋಗಿ. ನಾನು ಜೊತೇಲಿ ಬರ್ತೀನಿ, ನಿಮ್ಮ ತಂಗಿ ಮನೆ ಬಾಗಿಲಿಗೆ ಬಿಟ್ಟು, ಈಚೆಗೆ ಎಲ್ಲಾದ್ರೂ ಕೂತಿರ್ತೀನಿ" ಅಂದೆ.

"ಬೆಲ್ಲ ತಿಂದ್ರೆ ಬಾಗ್ಲಿಂದ್ಲೇ ಬೈತೀಯ."

"ಬೈಯಲ್ಲ."

ಅತ್ತೆ ಕಾಗದ ಇಸಿದುಕೊಂಡು, ಬೆರಳಿನಿಂದ ತಡವಿ ಮಡಿಕೆ ಹುಡುಕಿ, ಮೊದಲಿನ ಹಾಗೇ ಮಡಿಸಿದರು. ಅವರಿಗೆ ಈಗ ಹಗುರವಾದಂತೆ ಕಾಣುತ್ತಿತ್ತು.

"ಏನೇ ಯೋಳು, ಆ ಉಡ್ಗಿ ಕೊಟ್ ಮಾತು ಉಳಿಸ್ಕಂಡ್ಲು. ಇಷ್ಟ್ ದಿವ್ಸ ಆದ್ರೂ ನಿನ್ ಕಿವಿಗೆ ಬೀಳ್ಲಿಲ್ಲ ನೋಡು."

"ಇಲ್ಲ ಅತ್ತೆ. ಬೀಳಲಿಲ್ಲ" ಅಂದೆ.

ಅವರು ಮುಖ ನನ್ನ ಕಡೆಗೆ ತಿರುಗಿಸಿದರು. ಆ ಕಣ್ಣುಗಳಿಗೆ ನನ್ನ ಮುಖ ಎಷ್ಟು ಕಾಣುತ್ತಿತ್ತೋ, ನನಗೆ ತಿಳಿಯಲಿಲ್ಲ.